ಜೈವಿಕ ಬೃಹದಣುಗಳ ಅಧ್ಯಯನದಲ್ಲಿ ಎನ್‌ಎಂಆರ್ ರೋಹಿತದರ್ಶನ

ಪ್ರೋಟೀನು, ನ್ಯೂಕ್ಲಿಯಿಕ್ ಆಮ್ಲ, ಸಂಕೀರ್ಣ ಶರ್ಕರ ಮೊದಲಾದ ಜೈವಿಕ ಬೃಹದಣುಗಳ ರಚನೆ, ಚಲನೆ ಮತ್ತು ಪರಸ್ಪರ ಬಂಧನಗಳನ್ನು, ಅವುಗಳಲ್ಲಿರುವ ಪರಮಾಣುಗಳ ನ್ಯೂಕ್ಲಿಯಸ್ಸುಗಳು ಪ್ರಬಲ ಕಾಂತಕ್ಷೇತ್ರದಲ್ಲಿ ರೇಡಿಯೊ ತರಂಗಗಳಿಗೆ ತೋರುವ ಪ್ರತಿಕ್ರಿಯೆಯ ಮೂಲಕ ಅರಿಯುವ ವಿಧಾನಕ್ಕೆ ಜೈವಿಕ ಎನ್‌ಎಂಆರ್ ರೋಹಿತದರ್ಶನವೆಂದು ಹೆಸರು. ಎನ್‌ಎಂಆರ್ ಎಂಬುದು ನ್ಯೂಕ್ಲಿಯ ಕಾಂತೀಯ ಅನುರಣನ ಎಂಬುದರ ಹ್ರಸ್ವರೂಪ. ಬೃಹದಣುಗಳ ರಚನೆಯನ್ನು ಪರಮಾಣು ಮಟ್ಟದಲ್ಲಿ ತಿಳಿಯಲು ಇಂದು ಬಳಕೆಯಲ್ಲಿರುವ ಮೂರು ಮುಖ್ಯ ಪ್ರಾಯೋಗಿಕ ವಿಧಾನಗಳಲ್ಲಿ ಇದು ಒಂದು. ಉಳಿದೆರಡು ಎಕ್ಸ್-ಕಿರಣ ಸ್ಫಟಿಕವಿಜ್ಞಾನ ಮತ್ತು ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನ. ಅಣುವನ್ನು ಸ್ಫಟಿಕವಾಗಿಸದೆ, ಹೆಪ್ಪುಗಟ್ಟಿಸದೆ, ನೀರಿನ ದ್ರಾವಣದಲ್ಲಿ ಜೀವಕೋಶದೊಳಗಿನ ಸ್ಥಿತಿಗೆ ಹತ್ತಿರವಾದ ಉಷ್ಣತೆ ಹಾಗೂ ಆಮ್ಲೀಯತೆಯಲ್ಲಿ ಪರಿಶೀಲಿಸಬಹುದಾದುದು ಎನ್‌ಎಂಆರ್‌ನ ವೈಶಿಷ್ಟ್ಯ. ಬೃಹದಣುವಿನ ಆಕಾರದ ಜೊತೆಗೆ ಆ ಆಕಾರ ಹೇಗೆ, ಎಷ್ಟು ವೇಗದಲ್ಲಿ ಬದಲಾಗುತ್ತದೆ ಎಂಬುದನ್ನೂ ಒಂದೊಂದು ಪರಮಾಣುವಿನ ಮಟ್ಟದಲ್ಲಿ ತಿಳಿಸಬಲ್ಲದ್ದರಿಂದ ಜೀವವಿಜ್ಞಾನದಲ್ಲಿ ಇದರ ಸ್ಥಾನ ವಿಶಿಷ್ಟವಾದದ್ದು.

ಇತಿಹಾಸ

ನ್ಯೂಕ್ಲಿಯ ಕಾಂತೀಯ ಅನುರಣನವನ್ನು ಮೊದಲು ಗುರುತಿಸಿದವನು ಅಮೆರಿಕದ ಭೌತವಿಜ್ಞಾನಿ ಇಸಿಡೋರ್ ರಾಬಿ. 1938ರಲ್ಲಿ ಅವನು ಅಣುಗಳ ಕಿರಣಪುಂಜದಲ್ಲಿ ಕಂಡ ಈ ವಿದ್ಯಮಾನವನ್ನು ದ್ರವ ಹಾಗೂ ಘನ ವಸ್ತುಗಳಲ್ಲಿ 1945-46ರ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ಮತ್ತು ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ತಮ್ಮ ಸಹೋದ್ಯೋಗಿಗಳೊಂದಿಗೆ ಪ್ರತ್ಯೇಕವಾಗಿ ತೋರಿಸಿಕೊಟ್ಟು, 1952ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆಗಿನ ಉದ್ದೇಶ ನ್ಯೂಕ್ಲಿಯಸ್ಸುಗಳ ಕಾಂತೀಯ ಗುಣವನ್ನು ನಿಖರವಾಗಿ ಅಳೆಯುವುದಷ್ಟೇ ಆಗಿತ್ತು. ಆದರೆ 1950ರಲ್ಲಿ ಪ್ರಾಕ್ಟರ್ ಮತ್ತು ಯು ಅಮೋನಿಯಂ ನೈಟ್ರೇಟನ್ನು ಪರೀಕ್ಷಿಸಿದಾಗ ಒಂದೇ ಧಾತುವಾದ ನೈಟ್ರೊಜನ್ ಎರಡು ಬೇರೆ ಆವೃತ್ತಿಗಳಲ್ಲಿ ಅನುರಣಿಸಿತು. ಭೌತವಿಜ್ಞಾನಿಗಳ ಅಳತೆಗೆ ತೊಡಕಾಗಿ ಕಂಡ ಈ ವ್ಯತ್ಯಾಸವೇ ರಸಾಯನವಿಜ್ಞಾನಕ್ಕೆ ಹೊಸ ಸಾಧನವಾಯಿತು. ಮರುವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ನಲ್ಡ್, ಭಾರತೀಯ ವಿಜ್ಞಾನಿ ಎಸ್. ಎಸ್. ಧರ್ಮಟ್ಟಿ ಮತ್ತು ಪ್ಯಾಕಾರ್ಡ್ ಎಥನಾಲ್‌ನ ರೋಹಿತವನ್ನು ದಾಖಲಿಸಿ, ಅದರ ಮೂರು ಬಗೆಯ ಹೈಡ್ರೊಜನ್‌ಗಳು ಮೂರು ಪ್ರತ್ಯೇಕ ಶೃಂಗಗಳಾಗಿ, 3:2:1ರ ಪ್ರಮಾಣದಲ್ಲಿ ಕಾಣಿಸಿಕೊಳ್ಳುವುದನ್ನು ಪ್ರಕಟಿಸಿದರು.

ಪ್ರೋಟೀನೊಂದರ ಮೊದಲ ಎನ್‌ಎಂಆರ್ ರೋಹಿತ 1957ರಲ್ಲಿ ಹೊರಬಂತು. ಯೇಲ್ ವಿಶ್ವವಿದ್ಯಾಲಯದ ಸಾಂಡರ್ಸ್, ವಿಷ್ನಿಯಾ ಮತ್ತು ಕರ್ಕ್‌ವುಡ್ 40 ಮೆಗಾಹರ್ಟ್ಸ್ ಉಪಕರಣದಲ್ಲಿ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಪರೀಕ್ಷಿಸಿದಾಗ, 124 ಅಮೈನೊ ಆಮ್ಲಗಳ ನೂರಾರು ಹೈಡ್ರೊಜನ್‌ಗಳ ಸಂಕೇತಗಳೆಲ್ಲ ಒಂದರ ಮೇಲೊಂದು ಬಿದ್ದು ಕೆಲವೇ ಅಗಲವಾದ ದಿಬ್ಬಗಳಾಗಿ ಕಂಡವು. ಈ ಗೋಜಲನ್ನು ಬಿಡಿಸಲು ಮೂರು ದಶಕಗಳ ಪ್ರಯತ್ನ ಬೇಕಾಯಿತು. 1966ರಲ್ಲಿ ರಿಚರ್ಡ್ ಅರ್ನ್ಸ್ಟ್ ಮತ್ತು ವೆಸ್ಟನ್ ಆಂಡರ್ಸನ್, ಎಲ್ಲ ಆವೃತ್ತಿಗಳನ್ನೂ ಒಂದೇ ಕಿರುಸ್ಪಂದದಿಂದ ಪ್ರಚೋದಿಸಿ, ಬಂದ ಉತ್ತರವನ್ನು ಫೂರಿಯೇ ಪರಿವರ್ತನೆ ಎಂಬ ಗಣಿತಕ್ರಿಯೆಯಿಂದ ರೋಹಿತವಾಗಿ ಬಿಡಿಸುವ ಕ್ರಮವನ್ನು ರೂಪಿಸಿದರು. 1971ರಲ್ಲಿ ಬೆಲ್ಜಿಯಂನ ಜಾನ್ ಜೀನರ್ ಎರಡು ಆಯಾಮಗಳ ರೋಹಿತದ ಕಲ್ಪನೆಯನ್ನು ಮುಂದಿಟ್ಟರೆ, ಜ್ಯೂರಿಚ್‌ನ ಇಟಿಎಚ್ ಸಂಸ್ಥೆಯಲ್ಲಿ ಅರ್ನ್ಸ್ಟ್ ಅದನ್ನು ಸಿದ್ಧಾಂತವಾಗಿಯೂ ಪ್ರಯೋಗವಾಗಿಯೂ ಬೆಳೆಸಿ 1991ರ ರಸಾಯನವಿಜ್ಞಾನದ ನೊಬೆಲ್‌ಗೆ ಪಾತ್ರನಾದನು.

ಅದೇ ಸಂಸ್ಥೆಯ ಕರ್ಟ್ ವ್ಯೂತ್ರಿಚ್ ಈ ವಿಧಾನಗಳನ್ನು ಪ್ರೋಟೀನುಗಳಿಗೆ ಅನ್ವಯಿಸಿ, 1985ರಲ್ಲಿ ಹೋರಿಯ ವೀರ್ಯದಿಂದ ಪಡೆದ ಪ್ರೋಟಿಯೇಸ್ ಪ್ರತಿಬಂಧಕವೊಂದರ ಮೂರು ಆಯಾಮದ ರಚನೆಯನ್ನು ತನ್ನ ತಂಡದೊಂದಿಗೆ ಪ್ರಕಟಿಸಿದನು. ಸ್ಫಟಿಕದ ನೆರವಿಲ್ಲದೆ ದ್ರಾವಣದಲ್ಲೇ ನಿರ್ಣಯಿಸಿದ ಮೊದಲ ಗೋಳಾಕಾರದ ಪ್ರೋಟೀನ್ ರಚನೆ ಇದು. ಇದನ್ನು ಹಲವರು ಸಂಶಯದಿಂದ ನೋಡಿದಾಗ ನೇರ ಪರೀಕ್ಷೆಯೊಂದು ಏರ್ಪಟ್ಟಿತು: ಟೆಂಡಮಿಸ್ಟಾಟ್ ಎಂಬ 74 ಅಮೈನೊ ಆಮ್ಲಗಳ ಪ್ರೋಟೀನಿನ ರಚನೆಯನ್ನು ವ್ಯೂತ್ರಿಚ್‌ನ ತಂಡ ಎನ್‌ಎಂಆರ್‌ನಿಂದಲೂ ಜರ್ಮನಿಯ ರಾಬರ್ಟ್ ಹ್ಯೂಬರ್‌ನ ತಂಡ ಎಕ್ಸ್-ಕಿರಣಗಳಿಂದಲೂ ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯದಂತೆ ನಿರ್ಣಯಿಸಿದವು. 1986ರಲ್ಲಿ ಪ್ರಕಟವಾದ ಎರಡೂ ರಚನೆಗಳು ಹೊಂದಿಕೆಯಾದ ಮೇಲೆ ವಿಧಾನದ ವಿಶ್ವಾಸಾರ್ಹತೆಯ ಪ್ರಶ್ನೆ ಉಳಿಯಲಿಲ್ಲ. 2002ರ ರಸಾಯನವಿಜ್ಞಾನದ ನೊಬೆಲ್‌ನ ಅರ್ಧಭಾಗ ವ್ಯೂತ್ರಿಚ್‌ಗೆ ಸಂದಿತು.

ಮೂಲತತ್ತ್ವ

ಕೆಲವು ಪರಮಾಣುಗಳ ನ್ಯೂಕ್ಲಿಯಸ್ಸಿಗೆ ಗಿರಕಿ ಎಂಬ ಕ್ವಾಂಟಂ ಗುಣವಿದ್ದು, ಅದರಿಂದಾಗಿ ಅದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿ ಇಟ್ಟಾಗ ಇಂಥ ನ್ಯೂಕ್ಲಿಯಸ್ಸಿನ ಕಾಂತಾಕ್ಷವು, ವಾಲಿದ ಬುಗುರಿಯ ಅಕ್ಷ ಲಂಬರೇಖೆಯನ್ನು ಸುತ್ತುವಂತೆ, ಕ್ಷೇತ್ರದ ದಿಕ್ಕನ್ನು ನಿಶ್ಚಿತ ಆವೃತ್ತಿಯಲ್ಲಿ ಸುತ್ತುತ್ತದೆ. ಹೈಡ್ರೊಜನ್ ನ್ಯೂಕ್ಲಿಯಸ್ಸಿಗೆ, ಅಂದರೆ ಪ್ರೋಟಾನಿಗೆ, ಈ ಆವೃತ್ತಿ ಒಂದು ಟೆಸ್ಲಾ ಕ್ಷೇತ್ರಕ್ಕೆ 42.58 ಮೆಗಾಹರ್ಟ್ಸ್, ಆದ್ದರಿಂದ 14.1 ಟೆಸ್ಲಾ ಕಾಂತವುಳ್ಳ ಉಪಕರಣವನ್ನು 600 ಮೆಗಾಹರ್ಟ್ಸ್ ಉಪಕರಣವೆಂದು ಕರೆಯುವುದು ರೂಢಿ. ಈ ಆವೃತ್ತಿಗೆ ಸರಿಹೊಂದುವ ರೇಡಿಯೊ ಸ್ಪಂದವನ್ನು ಹಾಯಿಸಿದಾಗ ನ್ಯೂಕ್ಲಿಯಸ್ಸುಗಳು ಶಕ್ತಿಯನ್ನು ಹೀರಿಕೊಂಡು, ಬಳಿಕ ಸಮಸ್ಥಿತಿಗೆ ಮರಳುವಾಗ ಸುತ್ತಲಿನ ತಂತಿಸುರುಳಿಯಲ್ಲಿ ಕ್ಷೀಣ ವಿದ್ಯುತ್ ಸಂಕೇತವನ್ನು ಉಂಟುಮಾಡುತ್ತವೆ. ರೇಡಿಯೊ ತರಂಗಗಳ ಶಕ್ತಿ ಅತ್ಯಲ್ಪವಾದ್ದರಿಂದ ಅಣುವಿಗೆ ಯಾವ ಹಾನಿಯೂ ಆಗದು. ಪ್ರಯೋಗ ಮುಗಿದ ಮೇಲೆ ಮಾದರಿಯನ್ನು ಹಾಗೆಯೇ ಹಿಂಪಡೆಯಬಹುದು. ಆದರೆ ಅದೇ ಕಾರಣಕ್ಕೆ ಸಂಕೇತವೂ ದುರ್ಬಲ. 600 ಮೆಗಾಹರ್ಟ್ಸ್ ಉಪಕರಣದಲ್ಲಿ, ಕೋಣೆಯ ಉಷ್ಣತೆಯಲ್ಲಿ, ಕ್ಷೇತ್ರದ ದಿಕ್ಕಿಗಿರುವ ಮತ್ತು ಅದಕ್ಕೆ ವಿರುದ್ಧವಾಗಿರುವ ಪ್ರೋಟಾನುಗಳ ಸಂಖ್ಯೆಗಳ ನಡುವಣ ಅಂತರ ಒಂದು ಲಕ್ಷಕ್ಕೆ ಸುಮಾರು ಐದು ಮಾತ್ರ, ಮತ್ತು ಅಳತೆಗೆ ಸಿಗುವುದು ಈ ಅಂತರವೇ.

ನ್ಯೂಕ್ಲಿಯಸ್ಸಿನ ಸುತ್ತಲಿನ ಎಲೆಕ್ಟ್ರಾನುಗಳು ಹೊರಗಿನ ಕ್ಷೇತ್ರವನ್ನು ಅಲ್ಪ ಪ್ರಮಾಣದಲ್ಲಿ ಮರೆಮಾಡುವುದರಿಂದ, ಒಂದೇ ಧಾತುವಿನ ನ್ಯೂಕ್ಲಿಯಸ್ಸುಗಳು ತಮ್ಮ ರಾಸಾಯನಿಕ ಪರಿಸರಕ್ಕೆ ತಕ್ಕಂತೆ ತುಸು ಬೇರೆ ಬೇರೆ ಆವೃತ್ತಿಗಳಲ್ಲಿ ಅನುರಣಿಸುತ್ತವೆ. ಇದೇ ರಾಸಾಯನಿಕ ಪಲ್ಲಟ. ಇದನ್ನು ಮೂಲ ಆವೃತ್ತಿಯ ದಶಲಕ್ಷಾಂಶಗಳಲ್ಲಿ ಅಳೆಯುತ್ತಾರೆ. ಪ್ರೋಟೀನಿನ ಮೀಥೈಲ್ ಗುಂಪುಗಳ ಪ್ರೋಟಾನುಗಳು ಸಾಮಾನ್ಯವಾಗಿ 0ಯಿಂದ 1.5 ದಶಲಕ್ಷಾಂಶದ ಒಳಗೂ, ಸರಪಣಿಯ ಬೆನ್ನೆಲುಬಿನ ಅಮೈಡ್ ಪ್ರೋಟಾನುಗಳು ಹೆಚ್ಚಾಗಿ 7ರಿಂದ 10ರ ನಡುವೆಯೂ ಕಾಣಿಸಿಕೊಳ್ಳುತ್ತವೆ. ಇದಲ್ಲದೆ ರಾಸಾಯನಿಕ ಬಂಧಗಳ ಮೂಲಕ ಜೋಡಿಸಲ್ಪಟ್ಟ ನ್ಯೂಕ್ಲಿಯಸ್ಸುಗಳು ಒಂದರ ಶೃಂಗವನ್ನು ಇನ್ನೊಂದು ಸೀಳುತ್ತವೆ. ಇದು ಗಿರಕಿ ಜೋಡಣೆ. ಬಂಧವಿಲ್ಲದಿದ್ದರೂ ಅವಕಾಶದಲ್ಲಿ ಹತ್ತಿರವಿರುವ ನ್ಯೂಕ್ಲಿಯಸ್ಸುಗಳ ನಡುವೆ ಕಾಂತೀಯತೆ ವರ್ಗಾವಣೆಗೊಳ್ಳುವುದಕ್ಕೆ ನ್ಯೂಕ್ಲಿಯ ಓವರ್‌ಹೌಸರ್ ಪರಿಣಾಮವೆಂದು ಹೆಸರು. ಪಲ್ಲಟವು ಪರಮಾಣುವಿನ ಪರಿಸರವನ್ನೂ ಜೋಡಣೆಯು ಬಂಧಗಳನ್ನೂ ಓವರ್‌ಹೌಸರ್ ಪರಿಣಾಮವು ದೂರವನ್ನೂ ತಿಳಿಸುತ್ತವೆ, ಮತ್ತು ಜೈವಿಕ ಎನ್‌ಎಂಆರ್‌ನ ಬಹುಭಾಗ ಈ ಮೂರರ ಮೇಲೆ ನಿಂತಿದೆ.

ಮಾದರಿಯ ಸಿದ್ಧತೆ

ಜೀವಕೋಶದಲ್ಲಿ ಹೇರಳವಾಗಿರುವ ಕಾರ್ಬನ್-12 ಸಮಸ್ಥಾನಿಗೆ ಗಿರಕಿಯೇ ಇಲ್ಲ. ನೈಟ್ರೊಜನ್-14ಕ್ಕೆ ಗಿರಕಿಯಿದ್ದರೂ ಅದರ ಶೃಂಗಗಳು ತೀರ ಅಗಲವಾಗಿ ಹರಡುವುದರಿಂದ ಪ್ರಯೋಜನವಿಲ್ಲ. ಅನುಕೂಲಕರವಾದ ಕಾರ್ಬನ್-13 ನಿಸರ್ಗದಲ್ಲಿರುವುದು ಶೇಕಡ 1.1ರಷ್ಟು, ನೈಟ್ರೊಜನ್-15 ಶೇಕಡ 0.4ಕ್ಕಿಂತಲೂ ಕಡಿಮೆ. ಆದ್ದರಿಂದ ಅಧ್ಯಯನಕ್ಕೆ ಬೇಕಾದ ಪ್ರೋಟೀನಿನ ಜೀನನ್ನು ಸಾಮಾನ್ಯವಾಗಿ ಇ. ಕೋಲೈ ಬ್ಯಾಕ್ಟೀರಿಯಕ್ಕೆ ಸೇರಿಸಿ, ನೈಟ್ರೊಜನ್-15 ಇರುವ ಅಮೋನಿಯಂ ಕ್ಲೋರೈಡನ್ನೂ ಕಾರ್ಬನ್-13 ಇರುವ ಗ್ಲೂಕೋಸನ್ನೂ ಮಾತ್ರ ಆಹಾರವಾಗಿ ಕೊಟ್ಟು ಬೆಳೆಸುತ್ತಾರೆ. ಬೇರೆ ಮೂಲವಿಲ್ಲದ ಬ್ಯಾಕ್ಟೀರಿಯ ಈ ಸಮಸ್ಥಾನಿಗಳಿಂದಲೇ ಪ್ರೋಟೀನನ್ನು ಕಟ್ಟುತ್ತದೆ. ಶುದ್ಧೀಕರಿಸಿದ ಪ್ರೋಟೀನನ್ನು ಅರ್ಧ ಮಿಲಿಲೀಟರಿನಷ್ಟು ದ್ರಾವಣವಾಗಿಸಿ, 5 ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ತುಂಬುತ್ತಾರೆ. 20 ಕಿಲೊಡಾಲ್ಟನ್ ತೂಕದ ಪ್ರೋಟೀನಿನ ಅರ್ಧ ಮಿಲಿಮೋಲಾರ್ ದ್ರಾವಣಕ್ಕೆ ಸುಮಾರು 5 ಮಿಲಿಗ್ರಾಂ ಪ್ರೋಟೀನು ಬೇಕಾಗುತ್ತದೆ. ಕಾಂತಕ್ಷೇತ್ರದ ಸ್ಥಿರತೆಯನ್ನು ಕಾಯ್ದುಕೊಳ್ಳಲು ಶೇಕಡ 5ರಿಂದ 10ರಷ್ಟು ಭಾರಜಲವನ್ನು ಬೆರೆಸುವುದು ವಾಡಿಕೆ.

ನೀರಿನ ಸಂಕೇತ ಇಲ್ಲಿನ ಒಂದು ದೊಡ್ಡ ತೊಡಕು. ನೀರಿನಲ್ಲಿ ಪ್ರೋಟಾನುಗಳ ಸಾಂದ್ರತೆ ಸುಮಾರು 110 ಮೋಲಾರ್ ಆಗಿರುವುದರಿಂದ, ಒಂದು ಮಿಲಿಮೋಲಾರ್ ಪ್ರೋಟೀನಿನ ಒಂದು ಪ್ರೋಟಾನಿನ ಸಂಕೇತಕ್ಕಿಂತ ನೀರಿನದು ಲಕ್ಷ ಪಟ್ಟು ಹೆಚ್ಚು. ವಿಶೇಷ ಸ್ಪಂದಸರಣಿಗಳಿಂದ ಅದನ್ನು ಅಡಗಿಸದೆ ಪ್ರೋಟೀನಿನ ಸಂಕೇತಗಳನ್ನು ದಾಖಲಿಸಲಾಗದು. ಅಲ್ಲದೆ ಅಮೈಡ್ ಪ್ರೋಟಾನುಗಳು ನೀರಿನ ಪ್ರೋಟಾನುಗಳೊಂದಿಗೆ ಸತತವಾಗಿ ವಿನಿಮಯಗೊಳ್ಳುತ್ತವೆ. ಕ್ಷಾರೀಯ ದ್ರಾವಣದಲ್ಲಿ ಈ ವಿನಿಮಯ ತ್ವರಿತವಾಗಿ ಅವುಗಳ ಶೃಂಗಗಳೇ ಮಾಯವಾಗುವುದರಿಂದ, ಪಿಎಚ್ ಮೌಲ್ಯವನ್ನು 7 ಅಥವಾ ಅದಕ್ಕಿಂತ ಕೆಳಗೆ ಇರಿಸುವುದು ಸಾಮಾನ್ಯ.

ಬಹು ಆಯಾಮದ ರೋಹಿತಗಳು ಮತ್ತು ಶೃಂಗಗಳ ಗುರುತು

ಒಂದು ಆಯಾಮದಲ್ಲಿ ಒಂದರ ಮೇಲೊಂದು ಬೀಳುವ ಶೃಂಗಗಳನ್ನು ಎರಡು, ಮೂರು ಅಥವಾ ನಾಲ್ಕು ಆವೃತ್ತಿ ಅಕ್ಷಗಳಲ್ಲಿ ಹರಡಿದಾಗ ಅವು ಪ್ರತ್ಯೇಕಗೊಳ್ಳುತ್ತವೆ. ಇವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 1980ರಲ್ಲಿ ಬೋಡನ್‌ಹಾಸನ್ ಮತ್ತು ರೂಬೆನ್ ರೂಪಿಸಿದ ಎಚ್‌ಎಸ್‌ಕ್ಯೂಸಿ ಎಂಬ ಪ್ರಯೋಗ. ಇದರ ಒಂದು ಅಕ್ಷದಲ್ಲಿ ಪ್ರೋಟಾನಿನ ಪಲ್ಲಟವನ್ನೂ ಇನ್ನೊಂದರಲ್ಲಿ ಅದಕ್ಕೆ ಬಂಧಿತವಾದ ನೈಟ್ರೊಜನ್-15ರ ಪಲ್ಲಟವನ್ನೂ ಗುರುತಿಸಿದಾಗ, ಪ್ರೋಲಿನ್ ಮತ್ತು ಸರಪಣಿಯ ಮೊದಲ ಘಟಕವನ್ನು ಬಿಟ್ಟು ಪ್ರತಿ ಅಮೈನೊ ಆಮ್ಲಕ್ಕೂ ಬೆನ್ನೆಲುಬಿನ ಒಂದು ಚುಕ್ಕೆ ಮೂಡುತ್ತದೆ. ಸರಿಯಾಗಿ ಮಡಿಚಿಕೊಂಡ ಪ್ರೋಟೀನಿನಲ್ಲಿ ಚುಕ್ಕೆಗಳು ವಿಶಾಲವಾಗಿ ಚದುರಿರುತ್ತವೆ; ಮಡಿಕೆ ಬಿಚ್ಚಿಹೋದ ಪ್ರೋಟೀನಿನಲ್ಲಿ ಎಲ್ಲ ಘಟಕಗಳ ಪರಿಸರವೂ ಒಂದೇ ಬಗೆಯಾಗುವುದರಿಂದ ಅವು 8ರಿಂದ 8.5 ದಶಲಕ್ಷಾಂಶದ ಇಕ್ಕಟ್ಟಿನಲ್ಲಿ ಗುಂಪುಗೂಡುತ್ತವೆ. ಹೀಗೆ ಹಲವೊಮ್ಮೆ ಗಂಟೆಯೊಳಗೇ ಮುಗಿಯುವ ಈ ಒಂದು ಪ್ರಯೋಗದಿಂದ ಪ್ರೋಟೀನು ಸುಸ್ಥಿತಿಯಲ್ಲಿದೆಯೇ, ಮುಂದಿನ ಅಧ್ಯಯನಕ್ಕೆ ಯೋಗ್ಯವೇ ಎಂಬುದು ತಿಳಿಯುತ್ತದೆ.

ಯಾವ ಚುಕ್ಕೆ ಸರಪಣಿಯ ಯಾವ ಘಟಕದ್ದು ಎಂಬುದನ್ನು ನಿಶ್ಚಯಿಸುವುದು ಮುಂದಿನ ಹೆಜ್ಜೆ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಇಕುರ, ಕೇ ಮತ್ತು ಆಡ್ ಬಾಕ್ಸ್ ಕಾಲ್ಮೊಡ್ಯುಲಿನ್ ಎಂಬ ಪ್ರೋಟೀನಿನ ಮೇಲೆ ಪ್ರಯೋಗಿಸಿ ತೋರಿದ ತ್ರಿ-ಅನುರಣನ ವಿಧಾನಗಳು ಇದನ್ನು ಕ್ರಮಬದ್ಧಗೊಳಿಸಿದವು. ಹೈಡ್ರೊಜನ್, ನೈಟ್ರೊಜನ್ ಮತ್ತು ಕಾರ್ಬನ್ ಈ ಮೂರನ್ನೂ ಒಂದೇ ಪ್ರಯೋಗದಲ್ಲಿ ಪ್ರಚೋದಿಸಿ, ಕಾಂತೀಯತೆಯನ್ನು ಬಂಧದಿಂದ ಬಂಧಕ್ಕೆ ಸಾಗಿಸುವುದು ಇವುಗಳ ತಂತ್ರ. ಉದಾಹರಣೆಗೆ ಎಚ್‌ಎನ್‌ಸಿಎ ಪ್ರಯೋಗದಲ್ಲಿ ಒಂದು ಅಮೈಡ್ ನೈಟ್ರೊಜನ್ ತನ್ನದೇ ಘಟಕದ ಆಲ್ಫಾ ಕಾರ್ಬನ್ನಿಗೆ ಸುಮಾರು 11 ಹರ್ಟ್ಸ್ ಜೋಡಣೆಯಿಂದಲೂ ಹಿಂದಿನ ಘಟಕದ ಆಲ್ಫಾ ಕಾರ್ಬನ್ನಿಗೆ ಸುಮಾರು 7 ಹರ್ಟ್ಸ್ ಜೋಡಣೆಯಿಂದಲೂ ಸಂಬಂಧಿಸುವುದರಿಂದ, ಪ್ರತಿ ಚುಕ್ಕೆಗೂ ಎರಡು ಕಾರ್ಬನ್ ಆವೃತ್ತಿಗಳು ದೊರೆಯುತ್ತವೆ. ಒಂದರ ಹಿಂದಿನ ಕಾರ್ಬನ್ ಇನ್ನೊಂದರ ಸ್ವಂತ ಕಾರ್ಬನ್ನಿಗೆ ಸರಿಹೊಂದಿದಾಗ ಅವೆರಡೂ ನೆರೆಹೊರೆಯವೆಂದು ತಿಳಿದು, ಹಾಗೆಯೇ ಒಂದೊಂದನ್ನಾಗಿ ಪೋಣಿಸುತ್ತ ಇಡೀ ಸರಪಣಿಯನ್ನು ಗುರುತಿಸಬಹುದು.

ರಚನೆಯ ನಿರ್ಣಯ

ಗುರುತು ಪೂರ್ಣಗೊಂಡ ಮೇಲೆ ರಚನೆಗೆ ಬೇಕಾದ ಅಳತೆಗಳನ್ನು ಕಲೆಹಾಕುತ್ತಾರೆ. ಇವುಗಳಲ್ಲಿ ಮುಖ್ಯವಾದದ್ದು ಓವರ್‌ಹೌಸರ್ ಪರಿಣಾಮದಿಂದ ದೊರೆಯುವ ದೂರಗಳು. ಈ ಪರಿಣಾಮದ ಬಲ ಎರಡು ಪ್ರೋಟಾನುಗಳ ನಡುವಣ ದೂರದ ಆರನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ದೂರ ಇಮ್ಮಡಿಯಾದರೆ ಬಲ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾಮಾನ್ಯವಾಗಿ 5ರಿಂದ 6 ಆಂಗ್‌ಸ್ಟ್ರಾಂ ಒಳಗಿನ ಜೋಡಿಗಳಷ್ಟೇ ಕಾಣಿಸುತ್ತವೆ. ಸರಪಣಿಯಲ್ಲಿ ದೂರದೂರವಿರುವ ಎರಡು ಘಟಕಗಳ ಪ್ರೋಟಾನುಗಳ ನಡುವೆ ಇಂಥ ಸಂಕೇತ ಕಂಡರೆ, ಮಡಿಚಿಕೊಂಡ ಸರಪಣಿಯಲ್ಲಿ ಅವೆರಡೂ ಪಕ್ಕಪಕ್ಕಕ್ಕೆ ಬಂದಿವೆಯೆಂಬುದು ಖಚಿತ. ಆಲ್ಫಾ ಸುರುಳಿಯಲ್ಲಿ ಒಂದು ಘಟಕದ ಆಲ್ಫಾ ಪ್ರೋಟಾನಿಗೂ ಅಲ್ಲಿಂದ ಮೂರನೆಯ ಘಟಕದ ಅಮೈಡ್ ಪ್ರೋಟಾನಿಗೂ, ವಿರುದ್ಧಮುಖವಾಗಿ ಸಾಗುವ ಬೀಟಾ ಎಳೆಗಳಲ್ಲಿ ಎದುರುಬದುರಿನ ಆಲ್ಫಾ ಪ್ರೋಟಾನುಗಳಿಗೂ ನಡುವೆ ಮೂಡುವ ಸಂಕೇತಗಳು ಆಯಾ ರಚನೆಯ ಸ್ಪಷ್ಟ ಲಕ್ಷಣಗಳು.

ಬಂಧಗಳ ತಿರುವುಕೋನಗಳನ್ನು ಗಿರಕಿ ಜೋಡಣೆ ತಿಳಿಸುತ್ತದೆ. ಮಾರ್ಟಿನ್ ಕಾರ್ಪ್ಲಸ್ ನೀಡಿದ ಸಂಬಂಧದ ಪ್ರಕಾರ ಅಮೈಡ್ ಮತ್ತು ಆಲ್ಫಾ ಪ್ರೋಟಾನುಗಳ ನಡುವಣ ಜೋಡಣೆ ಆಲ್ಫಾ ಸುರುಳಿಯಲ್ಲಿ ಸುಮಾರು 4 ಹರ್ಟ್ಸ್, ಬೀಟಾ ಎಳೆಯಲ್ಲಿ ಸುಮಾರು 9 ಹರ್ಟ್ಸ್ ಇರುತ್ತದೆ. ಕಾರ್ಬನ್‌ನ ಪಲ್ಲಟಗಳಿಂದಲೂ ಸರಪಣಿಯ ಯಾವ ಭಾಗ ಸುರುಳಿ, ಯಾವುದು ಎಳೆ ಎಂಬುದನ್ನು ಊಹಿಸಬಹುದು. 1997ರ ಹೊತ್ತಿಗೆ ಟ್ಜಾಂಡ್ರಾ ಮತ್ತು ಬಾಕ್ಸ್ ಬಳಕೆಗೆ ತಂದ ಶೇಷ ದ್ವಿಧ್ರುವ ಜೋಡಣೆಯ ವಿಧಾನದಲ್ಲಿ, ಅಣುಗಳನ್ನು ದ್ರವಸ್ಫಟಿಕದಂಥ ಮಾಧ್ಯಮದಲ್ಲಿ ಅತ್ಯಲ್ಪವಾಗಿ ಓರಣಗೊಳಿಸಿ ಪ್ರತಿ ಬಂಧದ ದಿಕ್ಕನ್ನು ಅಳೆಯುತ್ತಾರೆ. ಇದರಿಂದ ಅಣುವಿನ ದೂರದೂರದ ಭಾಗಗಳು ಒಂದಕ್ಕೊಂದು ಯಾವ ಕೋನದಲ್ಲಿ ನಿಂತಿವೆ ಎಂಬುದು ತಿಳಿಯುತ್ತದೆ.

ಈ ಎಲ್ಲ ನಿರ್ಬಂಧಗಳನ್ನು ಪಾಲಿಸುವ ರಚನೆಗಳನ್ನು ಕಂಪ್ಯೂಟರ್ ಲೆಕ್ಕಾಚಾರದಿಂದ ಹುಡುಕುತ್ತಾರೆ. ಬೇರೆ ಬೇರೆ ಆರಂಭಿಕ ರೂಪಗಳಿಂದ ಹೊರಟು ಬಂದ ಫಲಿತಾಂಶಗಳಲ್ಲಿ ಉತ್ತಮವಾದ ಇಪ್ಪತ್ತರಷ್ಟನ್ನು ಒಂದರ ಮೇಲೊಂದು ಇರಿಸಿ ಸಮೂಹವಾಗಿ ಪ್ರಕಟಿಸುವುದು ಪದ್ಧತಿ. ಸಮೂಹದಲ್ಲಿ ರೇಖೆಗಳು ಬಿಗಿಯಾಗಿ ಕೂಡಿದ ಕಡೆ ರಚನೆ ಖಚಿತ. ಚದುರಿದ ಕಡೆ ಅಳತೆಗಳು ಸಾಲದಿರಬಹುದು ಅಥವಾ ಆ ಭಾಗವೇ ನಿಜವಾಗಿ ಓಲಾಡುತ್ತಿರಬಹುದು, ಮತ್ತು ಇವೆರಡರಲ್ಲಿ ಯಾವುದೆಂಬುದನ್ನು ಚಲನೆಯ ಪ್ರತ್ಯೇಕ ಅಳತೆಗಳಿಂದ ತೀರ್ಮಾನಿಸಬೇಕಾಗುತ್ತದೆ. ದೊರೆತ ಕೋನಗಳು ಭೌತಿಕವಾಗಿ ಸಾಧ್ಯವಾದುವೇ ಎಂಬುದನ್ನು ಪರೀಕ್ಷಿಸಲು ಎಕ್ಸ್-ಕಿರಣ ವಿಧಾನದಲ್ಲಿರುವಂತೆ ಇಲ್ಲಿಯೂ ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಮದರಾಸಿನಲ್ಲಿ ರೂಪಿಸಿದ ನಕ್ಷೆಯೇ ಒರೆಗಲ್ಲು.

ಗಾತ್ರದ ಮಿತಿ ಮತ್ತು ಅದರ ವಿಸ್ತರಣೆ

ಅಣು ದೊಡ್ಡದಾದಂತೆ ದ್ರಾವಣದಲ್ಲಿ ಅದು ಉರುಳುವ ವೇಗ ತಗ್ಗುತ್ತದೆ. ಉರುಳಾಟ ನಿಧಾನವಾದಷ್ಟೂ ನ್ಯೂಕ್ಲಿಯಸ್ಸುಗಳ ಸಂಕೇತ ಬೇಗ ಅಳಿದು ಶೃಂಗಗಳು ಅಗಲಗೊಳ್ಳುತ್ತವೆ. ಪರಮಾಣುಗಳ ಸಂಖ್ಯೆ ಹೆಚ್ಚಿದಂತೆ ಶೃಂಗಗಳ ಒತ್ತೊತ್ತೂ ಹೆಚ್ಚುತ್ತದೆ. ಈ ಎರಡು ಕಾರಣಗಳಿಂದ ಬಹುಕಾಲ ಸುಮಾರು 30 ಕಿಲೊಡಾಲ್ಟನ್ ಎಂಬುದು ವಿಧಾನದ ಮೇಲ್ಮಿತಿಯಾಗಿತ್ತು. ಹೈಡ್ರೊಜನ್‌ನ ಬದಲು ಡ್ಯುಟೀರಿಯಂ ಸೇರಿಸಿ ಬೆಳೆಸಿದ ಪ್ರೋಟೀನುಗಳಲ್ಲಿ ಸಂಕೇತದ ಅಳಿವು ತಗ್ಗುವುದು ಮೊದಲ ಪರಿಹಾರವಾಯಿತು. 1997ರಲ್ಲಿ ಪೆರ್ವುಶಿನ್, ರೀಕ್, ವೀಡರ್ ಮತ್ತು ವ್ಯೂತ್ರಿಚ್ ಟ್ರೋಸಿ ಎಂಬ ತಂತ್ರವನ್ನು ಪ್ರಕಟಿಸಿದರು. ಸಂಕೇತವನ್ನು ಅಳಿಸುವ ಎರಡು ಭಿನ್ನ ಕಾರಣಗಳು ಶೃಂಗದ ಒಂದು ಸೀಳಿನಲ್ಲಿ ಪರಸ್ಪರ ರದ್ದಾಗುವುದನ್ನು ಬಳಸಿಕೊಂಡು, ಆ ಸೂಕ್ಷ್ಮವಾದ ಸೀಳನ್ನು ಮಾತ್ರ ಆಯ್ದುಕೊಳ್ಳುವುದು ಇದರ ತತ್ತ್ವ. ಇದರ ನೆರವಿನಿಂದ 2002ರಲ್ಲಿ ಸುಮಾರು 900 ಕಿಲೊಡಾಲ್ಟನ್‌ನ ಗ್ರೋಇಎಲ್-ಗ್ರೋಇಎಸ್ ಸಂಕೀರ್ಣದ ರೋಹಿತವನ್ನು ದಾಖಲಿಸಲಾಯಿತು. ಟೊರಾಂಟೊದ ಲೂಯಿಸ್ ಕೇ ಮೀಥೈಲ್ ಗುಂಪುಗಳಿಗೆ ಇದೇ ಬಗೆಯ ತಂತ್ರವನ್ನು ರೂಪಿಸಿ, 2007ರಲ್ಲಿ 670 ಕಿಲೊಡಾಲ್ಟನ್‌ನ ಪ್ರೋಟಿಯಸೋಮ್ ಕೇಂದ್ರಭಾಗದ ಚಲನೆಗಳನ್ನು ಅಳೆದು ತೋರಿಸಿದನು.

ಉಪಕರಣಗಳ ಬೆಳವಣಿಗೆಯೂ ಇದಕ್ಕೆ ನೆರವಾಗಿದೆ. ದ್ರವ ಹೀಲಿಯಂನಲ್ಲಿ ತಣಿಸಿದ ಅತಿವಾಹಕ ತಂತಿಗಳ ಕಾಂತಗಳು ಇಂದು 28.2 ಟೆಸ್ಲಾ, ಅಂದರೆ 1.2 ಗಿಗಾಹರ್ಟ್ಸ್‌ನ ಮಟ್ಟ ತಲುಪಿವೆ. ಈ ದರ್ಜೆಯ ಮೊದಲ ಉಪಕರಣ 2020ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸ್ಥಾಪನೆಯಾಯಿತು. ಸಂಕೇತ ಹಿಡಿಯುವ ಸುರುಳಿಯನ್ನು ಸುಮಾರು 20 ಕೆಲ್ವಿನ್‌ಗೆ ತಣಿಸಿ ವಿದ್ಯುತ್ ಗದ್ದಲವನ್ನು ತಗ್ಗಿಸುವ ಶೀತಲ ಶೋಧಕಗಳು ಸೂಕ್ಷ್ಮತೆಯನ್ನು ಮೂರು ನಾಲ್ಕು ಪಟ್ಟು ಹೆಚ್ಚಿಸಿವೆ.

ಚಲನೆಯ ಅಧ್ಯಯನ

ಪ್ರೋಟೀನುಗಳು ನಿಶ್ಚಲವಲ್ಲವೆಂಬುದನ್ನು ಪ್ರತ್ಯಕ್ಷವಾಗಿ ತೋರಿಸಿದ್ದು ಎನ್‌ಎಂಆರ್. ದನದ ಮೇದೋಜೀರಕದಿಂದ ಪಡೆಯುವ ಟ್ರಿಪ್ಸಿನ್ ಪ್ರತಿಬಂಧಕವೆಂಬ 58 ಘಟಕಗಳ ಪುಟ್ಟ ಪ್ರೋಟೀನಿನಲ್ಲಿ ಎಂಟು ಸುಗಂಧಿ ಉಂಗುರಗಳಿವೆ. ಎಕ್ಸ್-ಕಿರಣ ಚಿತ್ರದಲ್ಲಿ ಇವು ಪ್ರೋಟೀನಿನ ಬಿಗಿಯಾದ ಒಡಲಿನಲ್ಲಿ ಅಲುಗಾಡದೆ ಸಿಕ್ಕಿಕೊಂಡಂತೆ ಕಾಣುತ್ತಿದ್ದವು. ಉಂಗುರ ನಿಜಕ್ಕೂ ನಿಶ್ಚಲವಾಗಿದ್ದರೆ ಅದರ ಎರಡು ಪಾರ್ಶ್ವಗಳ ಪ್ರೋಟಾನುಗಳು ಬೇರೆ ಬೇರೆ ಪರಿಸರದಲ್ಲಿದ್ದು ಬೇರೆ ಬೇರೆ ಶೃಂಗಗಳನ್ನು ಕೊಡಬೇಕು. 1970ರ ದಶಕದಲ್ಲಿ ವ್ಯೂತ್ರಿಚ್ ಮತ್ತು ಗೆರ್ಹಾರ್ಡ್ ವ್ಯಾಗ್ನರ್ ಈ ರೋಹಿತಗಳನ್ನು ಪರಿಶೀಲಿಸಿದಾಗ ಹಲವು ಉಂಗುರಗಳಲ್ಲಿ ಎರಡೂ ಪಾರ್ಶ್ವಗಳಿಗೆ ಸೇರಿ ಒಂದೇ ಶೃಂಗವಿತ್ತು; ಕೆಲವು ಉಂಗುರಗಳಲ್ಲಿ ಕಡಿಮೆ ಉಷ್ಣತೆಯಲ್ಲಿ ಪ್ರತ್ಯೇಕವಾಗಿದ್ದ ಶೃಂಗಗಳು ಉಷ್ಣತೆ ಏರಿದಂತೆ ಅಗಲಗೊಂಡು, ಕೊನೆಗೆ ಒಂದಾದವು. ಉಂಗುರಗಳು 180 ಅಂಶಗಳಷ್ಟು ಮಗುಚಿಕೊಳ್ಳುತ್ತಿವೆ ಎಂಬುದೇ ಇದಕ್ಕಿದ್ದ ವಿವರಣೆ. ಮಗುಚಿದ ಮೇಲೂ ಉಂಗುರದ ಆಕಾರ ಮೊದಲಿನಂತೆಯೇ ಇರುವುದರಿಂದ ಎಕ್ಸ್-ಕಿರಣ ಚಿತ್ರದಲ್ಲಿ ಈ ಚಲನೆ ಕಾಣುವಂತಿರಲಿಲ್ಲ. ಉಂಗುರ ಮಗುಚಲು ಸುತ್ತಲಿನ ಪರಮಾಣುಗಳು ಕ್ಷಣಕಾಲ ಸರಿದು ಜಾಗ ಬಿಡಲೇಬೇಕು. ಹಾಗಾಗಿ ಗಟ್ಟಿಯೆಂದು ತಿಳಿದಿದ್ದ ಪ್ರೋಟೀನಿನ ಒಡಲು ಸತತವಾಗಿ ಸಡಿಲಗೊಂಡು ಬಿಗಿಯುತ್ತಿದೆಯೆಂಬುದು ಸ್ಥಾಪಿತವಾಯಿತು.

ಬೇರೆ ಬೇರೆ ವೇಗದ ಚಲನೆಗಳಿಗೆ ಬೇರೆ ಬೇರೆ ಅಳತೆಗಳಿವೆ. ಪ್ರಚೋದಿತ ನ್ಯೂಕ್ಲಿಯಸ್ಸುಗಳು ಸಮಸ್ಥಿತಿಗೆ ಮರಳುವ ದರವಾದ ವಿಶ್ರಮಣವು ಪೈಕೊಸೆಕೆಂಡಿನಿಂದ ನ್ಯಾನೊಸೆಕೆಂಡ್‌ವರೆಗಿನ ಬಂಧಗಳ ಕಂಪನವನ್ನೂ, ವಿಶ್ರಮಣ ಪ್ರಸರಣವೆಂಬ ವಿಧಾನವು ಮೈಕ್ರೊಸೆಕೆಂಡ್‌ನಿಂದ ಮಿಲಿಸೆಕೆಂಡ್‌ವರೆಗಿನ ರೂಪಾಂತರಗಳನ್ನೂ, ಭಾರಜಲದೊಂದಿಗೆ ಅಮೈಡ್ ಪ್ರೋಟಾನುಗಳ ವಿನಿಮಯವು ನಿಮಿಷಗಳಿಂದ ದಿನಗಳವರೆಗಿನ ನಿಧಾನ ಚಲನೆಗಳನ್ನೂ ತಿಳಿಸುತ್ತವೆ. ಎರಡನೆಯ ಬಗೆಯ ಪ್ರಯೋಗಗಳ ಮಹತ್ವ ಹೆಚ್ಚಿನದು. ಕಿಣ್ವವು ತನ್ನ ಕೆಲಸ ಮಾಡುವಾಗ ತಾಳುವ ಕ್ಷಣಿಕ ರೂಪದಲ್ಲಿ ನೂರರಲ್ಲಿ ಒಂದೆರಡು ಅಣುಗಳಷ್ಟೇ ಇದ್ದು, ಅದರ ಶೃಂಗ ರೋಹಿತದಲ್ಲಿ ನೇರವಾಗಿ ಕಾಣದಿದ್ದರೂ, ಕಾಣುವ ಶೃಂಗದ ಅಗಲದ ಮೇಲೆ ಅದು ಬೀರುವ ಪ್ರಭಾವದಿಂದ ಆ ಮರೆಯ ರೂಪದ ಪ್ರಮಾಣ, ಆಯುಷ್ಯ ಮತ್ತು ಪಲ್ಲಟಗಳನ್ನು ಲೆಕ್ಕಹಾಕಬಹುದು.

ನಿಶ್ಚಿತ ಆಕಾರವೇ ಇಲ್ಲದ ಪ್ರೋಟೀನುಗಳ ಅಧ್ಯಯನದಲ್ಲಿಯೂ ಎನ್‌ಎಂಆರ್ ಪ್ರಧಾನ ಸಾಧನ. ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ 140 ಘಟಕಗಳ ಆಲ್ಫಾ-ಸಿನ್ಯೂಕ್ಲಿನ್ ದ್ರಾವಣದಲ್ಲಿ ಸ್ಥಿರವಾದ ಮಡಿಕೆಯಿಲ್ಲದೆ ಇರುತ್ತದೆ. ಇಂಥ ಅಣುಗಳು ಆ ಸ್ಥಿತಿಯಲ್ಲಿ ಸ್ಫಟಿಕವಾಗುವುದಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೂ ಸಿಕ್ಕುವುದಿಲ್ಲ. ಅವುಗಳ ಯಾವ ಭಾಗಕ್ಕೆ ಸುರುಳಿಯಾಗುವ ಒಲವಿದೆ, ಯಾವುದು ಪೊರೆಗೆ ಅಂಟುತ್ತದೆ ಎಂಬುದನ್ನು ಘಟಕ ಘಟಕವಾಗಿ ತಿಳಿಸಬಲ್ಲದ್ದು ಎನ್‌ಎಂಆರ್.

ನ್ಯೂಕ್ಲಿಯಿಕ್ ಆಮ್ಲಗಳು ಮತ್ತು ಶರ್ಕರಗಳು

ಡಿಎನ್‌ಎ ಮತ್ತು ಆರ್‌ಎನ್‌ಎಗಳಲ್ಲಿ ಪ್ರತ್ಯಾಮ್ಲಗಳ ಇಮಿನೊ ಪ್ರೋಟಾನುಗಳು 10ರಿಂದ 15 ದಶಲಕ್ಷಾಂಶದ ನಡುವೆ, ಬೇರೆ ಶೃಂಗಗಳಿಲ್ಲದ ಪ್ರದೇಶದಲ್ಲಿ ಕಾಣಿಸಿಕೊಳ್ಳುತ್ತವೆ. ಪ್ರತ್ಯಾಮ್ಲ ಜೋಡಿಯಾಗಿ ಹೈಡ್ರೊಜನ್ ಬಂಧದಲ್ಲಿದ್ದಾಗ ಮಾತ್ರ ಇವು ನೀರಿನೊಂದಿಗಿನ ವಿನಿಮಯದಿಂದ ಪಾರಾಗಿ ಉಳಿಯುವುದರಿಂದ, ಶೃಂಗಗಳನ್ನು ಎಣಿಸಿದರೆ ಜೋಡಿಗಳ ಸಂಖ್ಯೆ ತಿಳಿಯುತ್ತದೆ. 1998ರಲ್ಲಿ ಡಿಂಗ್ಲಿ ಮತ್ತು ಗ್ರೆಸಿಯೆಕ್ ಹೈಡ್ರೊಜನ್ ಬಂಧದ ಮೂಲಕವೇ ಎರಡು ಪ್ರತ್ಯಾಮ್ಲಗಳ ನೈಟ್ರೊಜನ್‌ಗಳ ನಡುವೆ ಹಾಯುವ ಗಿರಕಿ ಜೋಡಣೆಯನ್ನು ಅಳೆದು ಆ ಬಂಧಕ್ಕೆ ನೇರ ಪುರಾವೆ ಒದಗಿಸಿದರು. ಸಾಮಾನ್ಯ ಡಿಎನ್‌ಎ ಜೋಡಿಯ ಪ್ರತ್ಯಾಮ್ಲವೊಂದು ಆಗಾಗ ಮಗುಚಿ ಹೂಗ್‌ಸ್ಟೀನ್ ಎಂಬ ಬೇರೊಂದು ಜೋಡಣೆಯನ್ನು ಕ್ಷಣಕಾಲ ತಾಳುತ್ತದೆಂಬುದನ್ನು 2011ರಲ್ಲಿ ಹಾಶಿಂ ಅಲ್-ಹಾಶಿಮಿಯ ತಂಡ ವಿಶ್ರಮಣ ಪ್ರಸರಣದಿಂದ ಕಂಡುಹಿಡಿಯಿತು. ಕವಲೊಡೆದು ಸದಾ ಬಳುಕುವ ಶರ್ಕರ ಸರಪಣಿಗಳು ಸುಲಭವಾಗಿ ಸ್ಫಟಿಕವಾಗದ ಕಾರಣ ಅವುಗಳ ಘಟಕಗಳು ಎಲ್ಲಿ, ಹೇಗೆ ಜೋಡಿಸಿಕೊಂಡಿವೆ ಎಂಬುದನ್ನು ತಿಳಿಯಲು ಎನ್‌ಎಂಆರ್ ಬಹುಮುಖ್ಯ ಆಧಾರವಾಗಿದೆ.

ಘನಸ್ಥಿತಿ ಮತ್ತು ಜೀವಕೋಶದೊಳಗಿನ ಎನ್‌ಎಂಆರ್

ಕೋಶಪೊರೆಯಲ್ಲಿ ಹುದುಗಿದ ಪ್ರೋಟೀನುಗಳು ಮತ್ತು ಮರೆಗುಳಿ ಕಾಯಿಲೆಯಂಥ ರೋಗಗಳಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ನಾರುಗಳು ದ್ರಾವಣದಲ್ಲಿ ಉರುಳಾಡಲಾರವು. ಹಾಗಾಗಿ ಅವುಗಳ ಶೃಂಗಗಳು ಅಗಲವಾಗಿ ಹರಡಿಬಿಡುತ್ತವೆ. ಮಾದರಿಯನ್ನು ಕಾಂತಕ್ಷೇತ್ರಕ್ಕೆ 54.7 ಅಂಶಗಳ ಮಾಂತ್ರಿಕ ಕೋನದಲ್ಲಿ ವಾಲಿಸಿ ವೇಗವಾಗಿ ತಿರುಗಿಸಿದರೆ ಈ ಹರಡುವಿಕೆ ಅಡಗುತ್ತದೆಂಬುದು 1950ರ ದಶಕದ ಕೊನೆಯಲ್ಲೇ ತಿಳಿದಿತ್ತು. ಇಂದಿನ ಉಪಕರಣಗಳಲ್ಲಿ ಮಾದರಿ ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. 2002ರಲ್ಲಿ ಹಾರ್ಟ್‌ಮುಟ್ ಓಷ್ಕಿನಾಟ್‌ನ ತಂಡ ಸ್ಪೆಕ್ಟ್ರಿನ್‌ನ ಎಸ್‌ಎಚ್3 ಭಾಗದ ರಚನೆಯನ್ನು ಈ ಕ್ರಮದಿಂದ ಪ್ರಕಟಿಸಿತು. ಬಳಿಕ ಅಮೈಲಾಯ್ಡ್-ಬೀಟಾ ನಾರುಗಳು, ಶಿಲೀಂಧ್ರದ ಎಚ್‌ಇಟಿ-ಎಸ್ ಪ್ರಿಯಾನ್, ಇನ್‌ಫ್ಲುಯೆಂಜಾ ವೈರಸ್ಸಿನ ಎಂ2 ಪ್ರೋಟಾನ್ ನಾಲೆಗಳು ಇದೇ ಹಾದಿಯಲ್ಲಿ ಅಧ್ಯಯನಕ್ಕೆ ಒಳಗಾದವು. 2001ರಿಂದೀಚೆಗೆ ಜೀವಂತ ಬ್ಯಾಕ್ಟೀರಿಯಗಳಲ್ಲೂ, ನಂತರ ಕಪ್ಪೆಯ ಅಂಡಕೋಶ ಹಾಗೂ ಮಾನವ ಕೋಶಗಳಲ್ಲೂ ಸಮಸ್ಥಾನಿ ಲಾಂಛಿತ ಪ್ರೋಟೀನಿನ ರೋಹಿತವನ್ನು ನೇರವಾಗಿ ದಾಖಲಿಸುವುದು ಸಾಧ್ಯವಾಗಿದೆ.

ಬಂಧನದ ಅಧ್ಯಯನ ಮತ್ತು ಔಷಧಶೋಧ

ಪ್ರೋಟೀನಿಗೆ ಇನ್ನೊಂದು ಅಣು ಅಂಟಿದಾಗ ಅಂಟಿದ ಜಾಗದ ಘಟಕಗಳ ಚುಕ್ಕೆಗಳು ಎಚ್‌ಎಸ್‌ಕ್ಯೂಸಿ ರೋಹಿತದಲ್ಲಿ ಸ್ಥಳ ಬದಲಿಸುತ್ತವೆ. ಅತಿ ದುರ್ಬಲ ಬಂಧನವನ್ನೂ ಇದು ಬಯಲು ಮಾಡುತ್ತದೆ. ಇದನ್ನು ಆಧರಿಸಿ 1996ರಲ್ಲಿ ಅಬಾಟ್ ಸಂಸ್ಥೆಯ ಸ್ಟೀಫನ್ ಫೆಸಿಕ್ ಮತ್ತು ಸಹೋದ್ಯೋಗಿಗಳು ಔಷಧಶೋಧದ ಹೊಸ ಕ್ರಮವೊಂದನ್ನು ಮುಂದಿಟ್ಟರು. ಪ್ರೋಟೀನಿನ ನೆರೆಹೊರೆಯ ಎರಡು ತಾಣಗಳಿಗೆ ದುರ್ಬಲವಾಗಿ ಅಂಟುವ ಎರಡು ಪುಟ್ಟ ಅಣುಗಳನ್ನು ಎನ್‌ಎಂಆರ್‌ನಿಂದ ಹುಡುಕಿ, ಅವನ್ನು ಸೂಕ್ತ ಕೊಂಡಿಯಿಂದ ಬೆಸೆದಾಗ ಅನೇಕ ಪಟ್ಟು ಬಲವಾಗಿ ಅಂಟುವ ಅಣು ದೊರೆಯುತ್ತದೆಂಬುದನ್ನು ಅವರು ಎಫ್‌ಕೆಬಿಪಿ ಪ್ರೋಟೀನಿನಲ್ಲಿ ತೋರಿಸಿದರು. ಕೋಶಮರಣವನ್ನು ತಡೆಯುವ ಬಿಸಿಎಲ್-ಎಕ್ಸ್‌ಎಲ್ ಪ್ರೋಟೀನಿನ ಮೇಲೆ ಇದೇ ಕ್ರಮದಿಂದ ಆರಂಭವಾದ ಸಂಶೋಧನೆಯ ಸರಣಿಯಲ್ಲಿ ಕೊನೆಗೆ ಮೂಡಿದ್ದು ವೆನೆಟೊಕ್ಲಾಕ್ಸ್. ರಕ್ತ ಕ್ಯಾನ್ಸರ್ ಚಿಕಿತ್ಸೆಗೆ 2016ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು.

ಭಾರತದಲ್ಲಿ ಎನ್‌ಎಂಆರ್

ಎನ್‌ಎಂಆರ್ ಆವಿಷ್ಕಾರವಾದ ಕೆಲವೇ ವರ್ಷಗಳಲ್ಲಿ ಭಾರತದಲ್ಲಿ ಅದರ ಸಂಶೋಧನೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಅನುರಣನದ ಸಂಕೇತ ಹೇಗೆ ಬದಲಾಗುತ್ತದೆಂಬ ಅಧ್ಯಯನವನ್ನು 1951ರಲ್ಲೇ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್‌ನಿಂದ ಮರಳಿದ ಧರ್ಮಟ್ಟಿಯವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಎನ್‌ಎಂಆರ್ ಶಾಖೆಯನ್ನು ಕಟ್ಟಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್ ಅವರು ಜ್ಯೂರಿಚ್‌ನಲ್ಲಿ ಅರ್ನ್ಸ್ಟ್ ಮತ್ತು ವ್ಯೂತ್ರಿಚ್ ಅವರೊಂದಿಗೆ ನಡೆಸಿ 1980ರಲ್ಲಿ ಪ್ರಕಟಿಸಿದ ಪ್ರಯೋಗವು ಬೃಹದಣುವಿನ ಪ್ರೋಟಾನುಗಳ ನಡುವಣ ಓವರ್‌ಹೌಸರ್ ಸಂಬಂಧಗಳ ಇಡೀ ಜಾಲವನ್ನು ಒಂದೇ ಎರಡಾಯಾಮದ ರೋಹಿತದಲ್ಲಿ ತೋರಿಸಿತು. ಪ್ರೋಟೀನಿನ ರಚನೆಯನ್ನು ಎನ್‌ಎಂಆರ್‌ನಿಂದ ನಿರ್ಣಯಿಸುವ ಮುಂದಿನ ಎಲ್ಲ ಕೆಲಸಕ್ಕೂ ತಳಹದಿಯಾದ ಪ್ರಯೋಗವಿದು. ಅದೇ ಸಂಸ್ಥೆಯಲ್ಲಿ ಪಿ. ಬಲರಾಂ ಪೆಪ್ಟೈಡುಗಳ ಆಕಾರವನ್ನು ಎನ್‌ಎಂಆರ್‌ನಿಂದ ವ್ಯಾಪಕವಾಗಿ ಅಭ್ಯಸಿಸಿದರೆ, ಟಾಟಾ ಸಂಸ್ಥೆಯಲ್ಲಿ ಗಿರ್ಜೇಶ್ ಗೋವಿಲ್ ಜೈವಿಕ ಎನ್‌ಎಂಆರ್‌ಗೆ ಭದ್ರ ನೆಲೆ ಒದಗಿಸಿದರು, ಆರ್. ವಿ. ಹೊಸೂರ್ ಮತ್ತು ಸಹೋದ್ಯೋಗಿಗಳು ಮಡಿಕೆ ಬಿಚ್ಚಿದ ಪ್ರೋಟೀನುಗಳ ಘಟಕಗಳನ್ನು ಸರಣಿಯಾಗಿ ಗುರುತಿಸಲು ನೆರವಾಗುವ ತ್ರಿ-ಅನುರಣನ ಪ್ರಯೋಗಗಳನ್ನು ರೂಪಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಜೈವಿಕ ಎನ್‌ಎಂಆರ್ ಸಂಶೋಧನೆ ನಡೆಯುತ್ತಿದೆ.

ಇತಿಮಿತಿ ಮತ್ತು ಇಂದಿನ ಸ್ಥಾನ

ಈ ವಿಧಾನಕ್ಕೆ ಮಿಲಿಗ್ರಾಂಗಳ ಲೆಕ್ಕದಲ್ಲಿ ಶುದ್ಧ ಮಾದರಿ ಬೇಕು, ಅದು ದಿನಗಟ್ಟಲೆ ಕೆಡದೆ ಉಳಿಯಬೇಕು; ಸಮಸ್ಥಾನಿಗಳೂ ಉಪಕರಣಗಳೂ ದುಬಾರಿ, ದ್ರವ ಹೀಲಿಯಂನ ಪೂರೈಕೆ ನಿರಂತರವಾಗಿರಬೇಕು, ರೋಹಿತಗಳ ವಿಶ್ಲೇಷಣೆಗೆ ವಿಶೇಷ ಪರಿಣತಿ ಬೇಕು. ಜಾಗತಿಕ ಪ್ರೋಟೀನ್ ದತ್ತಕೋಶದಲ್ಲಿ ಎನ್‌ಎಂಆರ್‌ನಿಂದ ನಿರ್ಣಯಿಸಿದ ರಚನೆಗಳು ಸುಮಾರು 14,000 ಇದ್ದು, ಒಟ್ಟು ರಚನೆಗಳಲ್ಲಿ ಇವುಗಳ ಪಾಲು ಶೇಕಡ 7ಕ್ಕಿಂತ ಕಡಿಮೆ. ದೊಡ್ಡ ಸಂಕೀರ್ಣಗಳ ರಚನೆಯನ್ನು ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನವು ಹೆಚ್ಚು ಸುಲಭವಾಗಿ ಕೊಡುತ್ತಿದೆ, ಮತ್ತು ಆಲ್ಫಾಫೋಲ್ಡ್‌ನಂಥ ಕೃತಕ ಬುದ್ಧಿಮತ್ತೆಯ ಕಾರ್ಯಕ್ರಮಗಳು ಅಮೈನೊ ಆಮ್ಲಗಳ ಅನುಕ್ರಮದಿಂದಲೇ ಅನೇಕ ಪ್ರೋಟೀನುಗಳ ಮಡಿಕೆಯನ್ನು ಒಳ್ಳೆಯ ನಿಖರತೆಯಿಂದ ಊಹಿಸುತ್ತಿವೆ. ಹೀಗಾಗಿ ಮಡಿಕೆಯನ್ನು ಮೊದಲ ಬಾರಿಗೆ ನಿರ್ಣಯಿಸುವ ಸಾಧನವಾಗಿ ಎನ್‌ಎಂಆರ್‌ನ ಅಗತ್ಯ ತಗ್ಗಿದೆ.

ಆದರೆ ಪ್ರೋಟೀನಿನ ಕೆಲಸ ಒಂದೇ ಸ್ಥಿರ ಆಕಾರದಿಂದ ನಡೆಯುವಂಥದ್ದಲ್ಲ. ಕಿಣ್ವ ತೆರೆದು ಮುಚ್ಚುವ ವೇಗ, ವಿರಳ ರೂಪವೊಂದರ ಆಯುಷ್ಯ, ಆಕಾರವಿಲ್ಲದ ಸರಪಣಿಯ ಒಲವು, ದುರ್ಬಲವಾಗಿ ಅಂಟಿ ಬಿಡುವ ಅಣುಗಳ ತಾಣ, ಪ್ರತಿ ಪಾರ್ಶ್ವಗುಂಪಿನ ಆಮ್ಲೀಯತೆ ಇವೆಲ್ಲವೂ ಸ್ಥಿರಚಿತ್ರಗಳಲ್ಲಿ ಸಿಗದ ಸಂಗತಿಗಳು. ಇವನ್ನು ದ್ರಾವಣದಲ್ಲಿ, ಒಂದೊಂದು ಪರಮಾಣುವಿನ ಮಟ್ಟದಲ್ಲಿ, ಅಣುವಿಗೆ ಹಾನಿಯಾಗದಂತೆ ಅಳೆಯುವುದರಲ್ಲಿ ಎನ್‌ಎಂಆರ್‌ಗೆ ಸಮನಾದ ವಿಧಾನ ಇನ್ನೊಂದಿಲ್ಲ. ರಚನೆಗಳು ಹೇರಳವಾಗಿ ದೊರೆಯುತ್ತಿರುವ ಈ ಕಾಲದಲ್ಲಿ ಜೈವಿಕ ಬೃಹದಣುಗಳ ಚಲನೆಯನ್ನು ಅರಿಯುವ ಪ್ರಮುಖ ಪ್ರಾಯೋಗಿಕ ಆಧಾರವಾಗಿ ಎನ್‌ಎಂಆರ್ ರೋಹಿತದರ್ಶನ ಮುಂದುವರಿದಿದೆ.